ಫ್ಲವರ್ ಗಾರ್ಡನ್ ಕಲಿಸಿದ ಮಾಸ್ತರ್ರು

ಕಾಲುವೆಗೆ ನೀರು ಬಿಟ್ಟ ದಿನ ಒಂದು ವಾಸನೆ ಏಳುತ್ತದೆ. ಒಣಗಿದ ಪಾಚಿ, ಕಾದ ಕಲ್ಲು, ಎರೆಮಣ್ಣು ಒಟ್ಟಿಗೆ ನೆಂದ ವಾಸನೆ. ಮೊನ್ನೆ ಶಹಾಪುರದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಅದು ತೂರಿ ಬಂತು. ನಮ್ಮ ಇಂಗ್ಲಿಷ್ ಮಾಸ್ತರ್ರು ನೆನಪಾದರು...

ಆಗ ನಾನು ಸಗರದ ಶಾಲೆಯಲ್ಲಿ ಏಳನೆಯ ತರಗತಿ. ಊರಿಗೆ ಕಾಲುವೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ತಗಡಿನ ಕೋಣೆ ಬಿಸಿಲಿಗೆ ಕಾದಾಗ ಮಾಸ್ತರ್ರು ನಮ್ಮನ್ನು ಕಾಲುವೆ ದಂಡೆಯ ಬೇವಿನ ಗಿಡದ ಕೆಳಗೆ ಕೂಡಿಸುತ್ತಿದ್ದರು. ಆ ದಿನ ಕಾಲುವೆಗೆ ನೀರು ಬಿಟ್ಟಿದ್ದರು; ಎರಡು ನಾಮಪದ ಕೂಡಿ ಒಂದಾಗುವ ಪಾಠ. ನನ್ನನ್ನು ‘ಗಾರ್ಡನ್’ ಮಾಡಿದರು. ಕುರಿ ಕಾಯುವವರ ಮನೆಯ ನನ್ನ ಗೆಳತಿಯನ್ನು ‘ಫ್ಲವರ್’. ಕೈ ಹಿಡಿದು ನಿಂತೆವು.

“ಮೊದಲಿನ ಶಬ್ದ ಎಂಥಾದು ಅಂತ ಹೇಳ್ತದ, ಕಡೀದು ಏನು ಅಂತ ಹೇಳ್ತದ. ಗಾರ್ಡನ್ ಫ್ಲವರ್ ಅಂದ್ರ ಹೂವು. ಈಗ ಜಾಗಾ ಬದಲು ಮಾಡ್ರಿ. ಫ್ಲವರ್ ಗಾರ್ಡನ್. ಏನಾತು?”

“ತ್ವಾಟ ರಿ,” ಅಂದರು ಎಲ್ಲರೂ.

ಗೆಳತಿ ಕೈ ಬಿಡದೆ ನನ್ನ ಹಿಂದಿನಿಂದ ಸುತ್ತಿ ಬಂದಳು. ಕಾಲುವೆಯ ಇಳಿಜಾರಿನ ಕಲ್ಲಿನ ಮೇಲೆ ಕಾಲಿಟ್ಟಳು... ನನ್ನ ತೋಳು ಜಗ್ಗಿತು, ಬೋರಲು ಬಿದ್ದೆ. ಅವಳು ಸೊಂಟದವರೆಗೆ ನೀರಿನಲ್ಲಿದ್ದಳು. ಸೆಳವು ಲಂಗ ಹಿಡಿದು ಎಳೆಯುತ್ತಿತ್ತು. ಅವಳ ಬೆರಳು ನನ್ನ ಮುಷ್ಟಿಯಿಂದ ಒಂದೊಂದಾಗಿ ಜಾರುತ್ತಿದ್ದವು.

“ಕೈ ಬಿಡಬ್ಯಾಡವಾ,” ಅಂದರು ಮಾಸ್ತರ್ರು. ಕೂಗಲಿಲ್ಲ, ಪಾಠ ಹೇಳುವ ದನಿಯೇ. ಪಾಚಿಗಲ್ಲಿನ ಮೇಲೆ ಮಲಗಿ, ಜಾರುತ್ತಲೇ ಹೋಗಿ ಅವಳ ಜಡೆ ಹಿಡಿದರು, ಆಮೇಲೆ ರಟ್ಟೆ. ದೊಡ್ಡ ಹುಡುಗರು ಅವರ ಕಾಲು ಹಿಡಿದು ಇಬ್ಬರನ್ನೂ ಮೇಲೆಳೆದರು.

ಸಂಜೆ ಅವಳಪ್ಪ ಕೋಲು ಹಿಡಿದೇ ಶಾಲೆಗೆ ಬಂದ.

“ನೀರಿನ ಬಾಜೂಕ ಕೂಸುಗಳನ್ನ ಯಾಕ ಒಯ್ದ್ರಿ, ಮಾಸ್ತರ?”

ಮಾಸ್ತರ್ರ ಮೊಣಕೈ ತರಚಿಹೋಗಿತ್ತು. “ಒಯ್ಯಬಾರದಿತ್ತು. ತಪ್ಪು ನಂದ ರಿ,” ಅಂದರು.

ಅವನು ಕೋಲು ಕೆಳಗೆ ಹಾಕಿ ಅಲ್ಲೇ ಕುಸಿದು ಕುಳಿತು, ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿ ಅತ್ತ. ಮಾಸ್ತರ್ರು ಪಕ್ಕದಲ್ಲಿ ಕುಳಿತರು.

ಆಮೇಲೆ ಅವರು ಹೊರಗೆ ಪಾಠ ಮಾಡಲೇ ಇಲ್ಲ. ಮುಂದಿನ ವರ್ಷ ತಾವೇ ಕೇಳಿಕೊಂಡು ಸೈದಾಪುರದ ಕಡೆ ವರ್ಗವಾಗಿ ಹೋದರು...

ಮೊನ್ನೆ ಮನೆ ಸೇರಿದವಳೇ ಗೆಳತಿಗೆ ಫೋನ್ ಮಾಡಿದೆ. ಅವಳೀಗ ಕೆಂಭಾವಿಯ ಸೊಸೆ.

“ಸರ್ ತೀರಿಕೊಂಡ್ರಂತ, ಗೊತ್ತಾತೇನ?” ಅಂದಳು. “ಒಮ್ಮಿ ಹೋಗಿ ನನ್ನ ಮಕ್ಕಳನ್ನ ತೋರಿಸಬೇಕಂತ ಮಾಡಿದ್ದೆ. ನಾಳಿ, ನಾಡದು ಅಂತ ಹಂಗ ಉಳೀತು.”

ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.