ಗಾಳೆಮ್ಮ ಕಡಲು ನೋಡಿದ್ದು

ಹಂಪಿ ಬಜಾರಿನ ಪಕ್ಕದ ಓಣಿಯಲ್ಲಿ ಗಾಳೆಮ್ಮ ಇಪ್ಪತ್ತೆಂಟು ವರ್ಷದಿಂದ ಇಡ್ಲಿ ಮಾರುತ್ತಿದ್ದಾಳೆ. ಎಷ್ಟೋ ದೇಶದವರಿಗೆ ಬಡಿಸಿದ್ದರೂ ತಾನು ಹೊಸಪೇಟೆ ದಾಟಿದ್ದು ಕಡಿಮೆ.

ಮೆಕ್ಸಿಕೋದ ರೋಸಾ ಪ್ರತಿ ಡಿಸೆಂಬರಿನಲ್ಲಿ ಬಂದು ಈ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾಳೆ. ಅವಳದು ಕಡಲ ದಂಡೆಯ ಊರು. ಅಲ್ಲಿ ಅವಳೊಂದು ಸಣ್ಣ ಖಾನಾವಳಿ ನಡೆಸುತ್ತಾಳೆ. ಆ ಊರಿಗೂ ಪ್ರವಾಸಿಗರು ವರ್ಷ ವರ್ಷ ಮರಳಿ ಬರುತ್ತಾರಂತೆ. ರೋಸಾ ಏಳನೆಯ ಸಲ ಬಂದಾಗ ಗಾಳೆಮ್ಮ ಕೇಳಿಯೇ ಬಿಟ್ಟಳು.

“ಎಲ್ಲಾರೂ ನಿಮ್ಮೂರಿಗೆ ಹೋಗ್ತಾರ. ನೀ ಇಲ್ಲಿಗ್ಯಾಕ ಬರ್ತೀಯವ್ವ? ಇಲ್ಲಿ ಬರೀ ಬಂಡೆ, ಬಿಸ್ಲು.”

ಸೊಸೆ ಅನ್ನಪೂರ್ಣ ಅದನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿ, ಉತ್ತರವನ್ನು ಕನ್ನಡಕ್ಕೆ ತಂದಳು.

“ಅಲ್ಲಿ ಎಲ್ಲಾರಿಗೂ ಆಕೀನ ಬಡಿಸ್ಬೇಕಂತ್ರಿ ಅತ್ತಿ. ಇಲ್ಲಿ ಆಕೀಗೆ ನೀವು ಬಡಿಸ್ತೀರಿ. ಅಷ್ಟ ಅಂತ.”

ಗಾಳೆಮ್ಮ ರೋಸಾಳ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿದಳು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಬೇಸಿಗೆಯಲ್ಲಿ ಗಿರಾಕಿ ಕಡಿಮೆಯಾದಾಗ ಅಂಗಡಿಯನ್ನು ಸೊಸೆಗೆ ಒಪ್ಪಿಸಿ, ಒಬ್ಬಳೇ ಗೋಕರ್ಣದ ಬಸ್ಸು ಹತ್ತಿದಳು.

ಕಡಲಿನ ಎದುರು ಒಂದು ಹೋಟೆಲಿನಲ್ಲಿ ಕುಳಿತಳು. ಊಟ ತಂದಿಟ್ಟವನು, “ಮತ್ತೇನು ಬೇಕಮ್ಮ?” ಎಂದ. ಆ ಪ್ರಶ್ನೆಯನ್ನು ದಿನಕ್ಕೆ ನೂರು ಸಲ ಕೇಳುವವಳು ಗಾಳೆಮ್ಮ. ಅವಳನ್ನು ಯಾರೂ ಕೇಳಿದ್ದಿಲ್ಲ. ಯೋಚಿಸಿ ಚಹಾ ಹೇಳಿದಳು. ಒಂದು ದಿನಕ್ಕೆಂದು ಹೋದವಳು ಮೂರು ದಿನ ಉಳಿದಳು.

ಮರಳಿ ಬಂದಾಗ ಸೊಸೆ ಕೇಳಿದಳು, “ಹೆಂಗಿತ್ರಿ ಸಮುದ್ರ?”

“ನೀರು ಭಾಳ ಐತಿ. ಸಾರಿಗೆ ಖಾರ ಇಲ್ಲ. ಬರೋ ವರ್ಷ ಮತ್ತ ಹೋಗ್ತೀನಿ.”