ಈ ಸಲ ಹಗಲಲ್ಲೇ ಹೊರಡಬೇಕು

ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಹೊಟ್ಟೆ ತೊಳಸಿತು. ಬಾಳ್ಳುಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಾಗಿನಿಂದ ಮೂಗಿಗೆ ಒಗ್ಗಿಹೋದ ವಾಸನೆ ಅದು. ಹಿಂದೆ ಒಂದೇ ಒಂದು ಸಲ ಹೀಗಾಗಿತ್ತು, ಮಗಳು ಗೌರಿ ಹೊಟ್ಟೆಯಲ್ಲಿದ್ದಾಗ. ಕೈ ಒರೆಸಿಕೊಂಡು ಪಕ್ಕದ ಮೆಡಿಕಲ್ ಶಾಪಿನಿಂದ ಕಿಟ್ ತಂದೆ. ಎರಡು ಗೆರೆ ಬಂತು.

ಖುಷಿ ಆಗಲಿಲ್ಲ.

ಮಗು ಬೇಡವಾಗಿತ್ತು ಅಂತಲ್ಲ. ಗೌರಿಗೆ ನಾಲ್ಕು ತುಂಬಿತ್ತು, ಇನ್ನೊಂದು ಆಗಲಿ ಎಂದು ನಾವೇ ಮಾತಾಡಿಕೊಂಡಿದ್ದೆವು. ಆದರೆ ಆ ಎರಡನೇ ಗೆರೆ ಕಂಡ ಕೂಡಲೇ ನನ್ನ ಕೈ ತಾನಾಗಿ ಕಿಬ್ಬೊಟ್ಟೆಯ ಹಳೇ ಗಾಯದ ಮೇಲೆ ಹೋಗಿ ಕೂತಿತು. ಮತ್ತೆ ಮಷಿನ್ನಿಗೆ ಬಂದು ಕೂತೆ. ಎದುರಿಗೆ ನಿಂತ ಗಿರಾಕಿ ಬ್ಲೌಸಿನ ತೋಳು ಎಷ್ಟುದ್ದ ಇರಬೇಕೆಂದು ಹೇಳುತ್ತಿದ್ದಳು. ಒಂದಕ್ಷರ ಕಿವಿಗೆ ಬೀಳಲಿಲ್ಲ.

ಗೌರಿ ಹುಟ್ಟಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಮಡಿಲು ತುಂಬಿ ನನ್ನನ್ನು ಕಾಡಂಚಿನ ಬಿಸಿಲೆ ಊರಿಗೆ ಕಳಿಸಿದ್ದರು. ನೋವು ಶುರುವಾಗಿದ್ದು ಮಧ್ಯಾಹ್ನ. ಮೊದಲನೆಯದು, ನಿಧಾನವಾಗುತ್ತದೆ ಎಂದು ಅಮ್ಮ ಸಂಜೆವರೆಗೆ ನೋಡಿದಳು. ಅಣ್ಣ ಜೀಪು ತರುವಾಗ ಕತ್ತಲಾಗುತ್ತಿತ್ತು. ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು, ರಸ್ತೆಗೆ ಅಡ್ಡವಾಗಿ ಆನೆ ಹಿಂಡು. ಜೊತೆಯಲ್ಲಿ ಮರಿ. ಅಣ್ಣ ಇಂಜಿನ್ ನಿಲ್ಲಿಸಿ ಲೈಟು ಆರಿಸಿದ. ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗಿಸುವಷ್ಟು ಜಾಗವಿಲ್ಲ.

ಇದನ್ನು ನಮ್ಮ ಅತ್ತೆ ಹೇಳುವುದನ್ನು ಕೇಳಬೇಕು. ಅವರು ಆ ಜೀಪಿನಲ್ಲಿ ಇರಲೇ ಇಲ್ಲ, ಆದರೂ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಹೇಳಲು ಬರುವುದಿಲ್ಲ. ಎರಡೂ ಕೈ ಅಗಲಿಸಿ ಆನೆಯ ಕಿವಿ ಮಾಡುತ್ತಾರೆ. ನನ್ನ ಅಣ್ಣ ಸ್ಟೇರಿಂಗ್ ಕೆಳಗೆ ಬಗ್ಗಿದ್ದನ್ನು ಬಗ್ಗಿ ತೋರಿಸುತ್ತಾರೆ. "ಗಣಪ್ಪನೇ ಬಂದು ಅಡ್ಡ ನಿಂತ್ಕಬುಟ್ಟ ಕಣ್ರೀ! ಮಗೀಗೆ ಆಶೀರ್ವಾದ ಮಾಡಿ ಆಮೇಲೆ ದಾರಿ ಬುಟ್ಟ. ಅದಕ್ಕೇ ಗೌರಿ ಅಂತ ಹೆಸರಿಕ್ಕಿದ್ದು." ಮದುವೆಮನೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ಈ ಕಥೆ ಆಗಲೇಬೇಕು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಥೆ ಆನೆ ದಾರಿ ಬಿಡುವಲ್ಲಿಗೆ ಮುಗಿಯುತ್ತದೆ. ಆಮೇಲಿನದು ಅದರಲ್ಲಿ ಇಲ್ಲ. ಸಕಲೇಶಪುರದಲ್ಲಿ ನೋಡಿ ಹಾಸನಕ್ಕೆ ಕಳಿಸಿದ್ದು, ಮಗುವಿನ ಹಾರ್ಟ್‌ಬೀಟ್ ಇಳಿದಿದ್ದು, ಎಮರ್ಜೆನ್ಸಿ ಸಿಸೇರಿಯನ್, ಗರ್ಭಕೋಶ ಬಿಗಿಯಾಗದೆ ರಕ್ತ ಹೋಗುತ್ತಲೇ ಇದ್ದಿದ್ದು, ಯಾರ್ಯಾರದೋ ರಕ್ತ ನನ್ನ ಮೈಗೆ ಬಂದಿದ್ದು. ಮತ್ತಿನ ಇಂಜೆಕ್ಷನ್ ಕೊಟ್ಟು ಪೂರ್ತಿ ಎಚ್ಚರ ತಪ್ಪಿಸಿದ್ದರು. ಕಣ್ಣು ಬಿಟ್ಟಾಗ ಐಸಿಯುನಲ್ಲಿದ್ದೆ, ಮಗು ಅತ್ತೆಯ ತೊಡೆಯ ಮೇಲಿತ್ತು.

ಗೌರಿಯ ಮೊದಲ ಅಳು ನಾನು ಕೇಳಲಿಲ್ಲ.

ಐದನೇ ತಿಂಗಳಲ್ಲಿ ಹಾಸನದ ಡಾಕ್ಟರ ಹತ್ತಿರ ಹೋದೆವು. ನಾನು, ನಮ್ಮನೆಯವರು, ಅತ್ತೆ. ಬಸ್ಸಿನಲ್ಲಿ ಬಾಳ್ಳುಪೇಟೆಯಿಂದ ಹಾಸನದವರೆಗೂ ಅತ್ತೆಯದು ಒಂದೇ ಮಾತು. "ಎರಡನೇದು ಗಂಡನ ಮನೇಲೇ ಆಗ್ಬೇಕು. ನಾರ್ಮಲ್ಲೇ ಆಗ್ತದೆ ನೋಡು. ಮೊದಲ್ನೇದು ನಿಮ್ಮಮ್ಮ ತಡ ಮಾಡಿ ಹಂಗಾಯ್ತು ಅಷ್ಟೇಯ." ಅಮ್ಮನನ್ನು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿಟಕಿ ಕಡೆ ಮುಖ ಮಾಡಿ ಕೂತೆ.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಹಳೇ ಡಿಸ್ಚಾರ್ಜ್ ಸಮ್ಮರಿ ಓದಿ ಪಕ್ಕಕ್ಕಿಟ್ಟರು. "ಇದರಲ್ಲಿ ಆಸ್ಪತ್ರೆದು ಇದೆ. ನಿಮ್ಮದು ನೀವು ಹೇಳಿ, ಸವಿತಾ."

ನಾನು ಆನೆಯ ಕಥೆ ಹೇಳಿದೆ. ಹೇಳಿ ಹೇಳಿ ರೂಢಿಯಾಗಿತ್ತಲ್ಲ, ನಗುತ್ತಲೇ ಹೇಳಿದೆ. ನಮ್ಮನೆಯವರೂ ನಕ್ಕರು. ಅತ್ತೆಗೆ ಹಿಂದಿನ ಸ್ಟೂಲಿನಲ್ಲಿ ಸುಮ್ಮನೆ ಕೂರಲಾಗಲಿಲ್ಲ. "ಗಣಪ್ಪನೇ ಬಂದಂಗೆ ಕಣಮ್ಮ" ಎಂದರು.

ಡಾಕ್ಟರು ನಗಲಿಲ್ಲ.

"ಆಗ ಜೀಪಿನೊಳಗೆ ನೀವು ಹೇಗಿದ್ರಿ?"

ಅದನ್ನು ಯಾರೂ ಕೇಳಿರಲಿಲ್ಲ. ಅಷ್ಟು ವರ್ಷ, ಅಷ್ಟು ಜನ, ಒಬ್ಬರೂ. ಫ್ಯಾನು ತಿರುಗುವುದನ್ನೇ ನೋಡುತ್ತಾ ಕೂತೆ. ಆಮೇಲೆ ಹೇಳಿದೆ. ನೋವು ಬಂದಾಗ ಕಿರುಚಿದೆ, ಮರಿ ಇದ್ದ ಹೆಣ್ಣಾನೆ ನಮ್ಮ ಕಡೆ ತಿರುಗಿತು. "ಕೂಗ್ಬೇಡ ಕಣವ್ವ, ಕೂಗ್ಬೇಡ, ನಿನ್ ದಮ್ಮಯ್ಯ" ಎಂದು ಅಮ್ಮ ತನ್ನ ಸೆರಗು ಮುದ್ದೆ ಮಾಡಿ ನನ್ನ ಬಾಯಿಗೆ ತುರುಕಿದಳು. ಮೇಲೆ ಕೈ ಒತ್ತಿ ಹಿಡಿದಳು. ಆನೆಗಳು ಹೋಗುವವರೆಗೂ ಹಿಡಿದೇ ಇದ್ದಳು. ನೋವು ಬರುತ್ತಲೇ ಇತ್ತು. ಬಾಯಿ ಬಿಡುವಂತಿರಲಿಲ್ಲ. ಉಸಿರು ಕಟ್ಟಿ, ಇಲ್ಲೇ ಸಾಯುತ್ತೇನೆ, ಸದ್ದಿಲ್ಲದೆ ಸಾಯುತ್ತೇನೆ ಅನ್ನಿಸಿತ್ತು. ಅಮ್ಮನ ಕಣ್ಣೀರು ನನ್ನ ಹಣೆ ಮೇಲೆ ಬೀಳುತ್ತಿತ್ತು. ಅವಳದೇನು ತಪ್ಪು? ಅವಳು ಎಲ್ಲರ ಜೀವ ಉಳಿಸುತ್ತಿದ್ದಳು.

ನಮ್ಮನೆಯವರು ನೆಲ ನೋಡುತ್ತಿದ್ದರು.

ಡಾಕ್ಟರು ನೀರು ಕೊಟ್ಟರು. ನಾನು ಕುಡಿಯುವವರೆಗೆ ಕಾದರು. ಆಮೇಲೆ ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಕೆಳಗಡೆ ಅಡ್ಡ ಗೆರೆ ಎಳೆದರು.

"ನಿಮ್ಮ ಹಳೇ ಹೊಲಿಗೆ ಇಲ್ಲಿದೆ, ಅಡ್ಡಕ್ಕೆ. ಅದು ಒಳ್ಳೇದು. ನಾಲ್ಕು ವರ್ಷ ಅಂತರಾನೂ ಇದೆ. ಹಾಗಾಗಿ ನಾರ್ಮಲ್ ಟ್ರೈ ಮಾಡಬಹುದು, ತುಂಬಾ ಜನಕ್ಕೆ ಆಗುತ್ತೆ. ನೋವಿನಲ್ಲಿ ಈ ಹೊಲಿಗೆ ಬಿಟ್ಟುಕೊಳ್ಳೋ ಸಾಧ್ಯತೆ ಕಡಿಮೆ. ಆದ್ರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಬಿಟ್ಟುಕೊಂಡ್ರೆ ತಕ್ಷಣ ಥಿಯೇಟರ್‌ಗೆ ಹೋಗಬೇಕು. ಇನ್ನೊಂದು ದಾರಿ, ದಿನ ಗೊತ್ತು ಮಾಡಿ ಸಿಸೇರಿಯನ್. ಅದೂ ಸುಲಭ ಅಂದ್ಕೋಬೇಡಿ. ರಕ್ತ ಹೋಗಬಹುದು, ಇನ್ಫೆಕ್ಷನ್ ಆಗಬಹುದು, ಏಳೋದಕ್ಕೆ ದಿನ ಹಿಡಿಯುತ್ತೆ. ಮುಂದೆ ಮತ್ತೆ ಬಸುರಾದ್ರೆ ತೊಂದರೆ ಹೆಚ್ಚು."

ನನ್ನ ಕಸುಬಿನ ಪ್ರಶ್ನೆಯೇ ಬಾಯಿಗೆ ಬಂತು. "ಹೊಲಿದಲ್ಲೇ ಬಿಚ್ಚಿ ಮತ್ತೆ ಹೊಲಿದ್ರೆ ತಡೆಯುತ್ತಾ ಮೇಡಂ?"

"ತಡೆಯುತ್ತೆ. ಹತ್ತು ಸಲ ಅಲ್ಲ" ಎಂದು ಮೊದಲ ಸಲ ನಕ್ಕರು. "ಮನೆಯಿಂದ ಇಲ್ಲಿಗೆ ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ" ಎಂದರು ನಮ್ಮನೆಯವರು.

"ಆನೆ ಇಲ್ದಿದ್ರೆ" ಎಂದೆ ನಾನು.

ನಮ್ಮನೆಯವರು ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವರು. ಯಾವ ತೋಟದಲ್ಲಿ ಆನೆ ಇದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಬರುವ ಮೆಸೇಜು ನೋಡಿಯೇ ಅವರು ಬೆಳಿಗ್ಗೆ ಆಳುಗಳನ್ನು ಕಾಫಿ ಕೊಯ್ಲಿಗೆ ಕಳಿಸುವುದು. ಫೋನು ತೆಗೆದು ಡಾಕ್ಟರಿಗೆ ತೋರಿಸಿದರು. ಅವತ್ತಿನ ಮೆಸೇಜಿನಲ್ಲಿದ್ದಿದ್ದು ನಮ್ಮ ಪಕ್ಕದ ತೋಟ.

ಡಾಕ್ಟರು ಅದನ್ನು ಓದಿದರು. "ಹಾಗಾದ್ರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಯಾವುದನ್ನೇ ಆರಿಸಿಕೊಳ್ಳಿ, ಕೊನೇ ವಾರಗಳು ನೀವು ಹಾಸನದಲ್ಲಿರಬೇಕು. ಎರಡರಲ್ಲಿ ಯಾವುದೂ ತಪ್ಪಲ್ಲ. ನಿಮಗೇನು ಬೇಕು, ಸವಿತಾ? ಈಗಲೇ ಹೇಳಬೇಕಿಲ್ಲ."

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ. ಮನೆಯಲ್ಲಿ ಜಗಳವೇನೂ ಆಗಲಿಲ್ಲ, ಅದೇ ಕಷ್ಟವಾಗಿತ್ತು. ಅತ್ತೆ ಬಾಣಂತನಕ್ಕೆಂದು ಮೆಣಸು, ಶುಂಠಿ ಒಣಗಿಸುತ್ತಾ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು: "ನಾವೆಲ್ಲ ಹೆರ್ಲಿಲ್ವಾ? ಕುಯ್ಯಿಸ್ಕಂಡ್ರೆ ಆಮೇಲೆ ಒಂದ್ ಬಿಂದಿಗೆ ಎತ್ತಕ್ಕಾಗಲ್ಲ." ನಮ್ಮನೆಯವರನ್ನು ಕೇಳಿದರೆ "ನೀನು ಹೇಳ್ದಂಗೆ" ಎನ್ನುತ್ತಿದ್ದರು. ಒಳ್ಳೆಯ ಮಾತೇ. ಆದರೆ ಕೆಲವೊಮ್ಮೆ ಅದು ನನ್ನೊಬ್ಬಳ ತಲೆಗೆ ಕಟ್ಟಿ ತಾವು ಪಾರಾಗುವ ಮಾತಿನಂತೆ ಕೇಳಿ, ತಟ್ಟೆ ಕುಕ್ಕಿ ಎದ್ದುಹೋಗಿದ್ದೂ ಉಂಟು.

ನಾರ್ಮಲ್ ಆದರೆ ಬೇಗ ಅಂಗಡಿ ತೆರೆಯಬಹುದು. ಅತ್ತೆಗೂ ಸಮಾಧಾನ. ಒಂದು ದಿನ ಧೈರ್ಯ ಬರುತ್ತಿತ್ತು, ಆಗಿಯೇಬಿಡಲಿ ಎನ್ನಿಸುತ್ತಿತ್ತು. ಸಂಜೆ ಹೊತ್ತು ನಮ್ಮನೆಯವರ ಫೋನು ಟಿಣ್ ಎಂದರೆ ಸಾಕು, ಬಾಯಲ್ಲಿ ಅಮ್ಮನ ಸೆರಗಿನ ರುಚಿ ಬರುತ್ತಿತ್ತು. ಹೊಗೆಯ ಘಾಟು ಹತ್ತಿದ, ಒದ್ದೆ ನೂಲಿನ ರುಚಿ. ಹಾಸನದಲ್ಲಿ ಆನೆ ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಬುದ್ಧಿಗೆ ಗೊತ್ತಿತ್ತು. ಮೈ ಕೇಳುತ್ತಿರಲಿಲ್ಲ.

ಎಂಟನೇ ತಿಂಗಳಲ್ಲಿ ಅತ್ತೆಯ ಎದುರೇ ಡಾಕ್ಟರ ಮುಂದೆ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಆಪರೇಷನ್ನೇ ಮಾಡಿ ಮೇಡಂ. ನೋವು ತಡೀಲಾರದೆ ಅಲ್ಲ. ನಾನು ಹಗಲಲ್ಲಿ ಮನೆ ಬಿಡ್ಬೇಕು. ತಲೆ ಬಾಚ್ಕೊಂಡು, ಗೌರಿಗೆ ಹೇಳಿ, ಬಿಸಿಲಲ್ಲಿ ಹೊರಡ್ಬೇಕು. ಮತ್ತೆ ಈ ಸಲ ಎಚ್ಚರ ಇರ್ಬೇಕು. ಮಗು ಅಳೋದು ಕೇಳ್ಬೇಕು."

"ಆಯ್ತು" ಎಂದರು. ಅಪಾಯಗಳನ್ನು ಇನ್ನೊಂದು ಸಲ ಬಿಡಿಸಿ ಹೇಳಿದರು. ರಕ್ತ ಮುಂಚೆಯೇ ಎತ್ತಿಡಿಸುತ್ತೇನೆ ಎಂದರು. ಹೆದರಿದವಳು ಎಂಬ ನೋಟ ಅವರ ಮುಖದಲ್ಲಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕೇಳಿದರು. "ಅಷ್ಟೊಂದು ಇತ್ತಾ ನಿನ್ ಎದೇಲಿ? ಒಂದಿನಾನೂ ಬಾಯ್ಬಿಡ್ಲಿಲ್ವಲ್ಲ ಮಾರಾಯ್ತಿ."

"ನೀವು ನಗ್ತಾ ಹೇಳ್ತಿದ್ರಲ್ಲ ಅತ್ತೆ. ನಡುವೆ ನಾನು ಎಲ್ಲಿ ಹೇಳ್ಲಿ?"

ಬಸ್ಸು ಬಂತು. ಅವರು ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟರು.

ಹೊರಟ ದಿನ ಅಂಗಳದಲ್ಲಿ ಕಾಫಿ ಒಣಗುತ್ತಿತ್ತು, ಒಳ್ಳೆ ಬಿಸಿಲು. ಪಕ್ಕದ ತೋಟದಲ್ಲಿ ಆನೆ ಇದೆಯೆಂದು ಅವತ್ತೂ ಮೆಸೇಜಿತ್ತು. ಇದ್ದರೆ ಇರಲಿ ಎಂದು ಗೌರಿಗೆ ಜಡೆ ಹಾಕಿ ಆರಾಮವಾಗಿ ಹೊರಟೆ. ಹಾಸನದಲ್ಲಿ ನಾದಿನಿಯ ಮನೆಯಲ್ಲಿದ್ದು, ಗೊತ್ತು ಮಾಡಿದ ದಿನ ಆಸ್ಪತ್ರೆಯೊಳಗೆ ನಡೆದುಕೊಂಡೇ ಹೋದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದರು. ಕಾಲು ನನ್ನದಲ್ಲದಂತಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಯಾರೋ ಒಳಗಿನಿಂದ ಏನನ್ನೋ ಎಳೆದಂತಾಯಿತು. ಆಮೇಲೆ ಏನೂ ಇಲ್ಲ.

ಮಗುವಿನ ಅಳು ಬರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ, ಬಹುಶಃ ನಾಲ್ಕು ಉಸಿರಿನಷ್ಟು. ಆಮೇಲೆ ಬಂತು ನೋಡಿ, ಆ ಥಿಯೇಟರೆಲ್ಲ ತುಂಬುವ ಹಾಗೆ. ನಾನೂ ಗೊಳೋ ಎಂದು ಅತ್ತುಬಿಟ್ಟೆ. ಸಿಸ್ಟರ್ ಗಾಬರಿಯಾಗಿ "ಯಾಕಮ್ಮ, ನೋವಾಗ್ತಿದೆಯಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಅಳು ಮಾತ್ರ ನಿಲ್ಲಲಿಲ್ಲ. ಈ ಸಲವೂ ರಕ್ತ ಸ್ವಲ್ಪ ಹೆಚ್ಚೇ ಹೋಯಿತು. ಬಟ್ಟೆಯ ಆಚೆ ಮಾತು ಕಡಿಮೆಯಾಗಿ, ಕೈಗಳ ಓಡಾಟ ಜೋರಾಯಿತು. ಗಾಬರಿಯಲ್ಲಿ ಗೌರಿಯ ಹೆಸರು ಹೇಳಿಕೊಳ್ಳುತ್ತಾ ಮಲಗಿದ್ದೆ. ಕೊನೆಗೆ ಡಾಕ್ಟರ ದನಿ ಕೇಳಿಸಿತು: "ಗರ್ಭಕೋಶ ಬಿಗಿಯಾಗ್ತಾ ಇದೆ, ಸವಿತಾ. ಗಂಡು ಮಗು." ಎತ್ತಿಟ್ಟಿದ್ದ ರಕ್ತ ಬೇಕಾಗಲಿಲ್ಲ.

ಈಗ ಮನೆಯಲ್ಲಿದ್ದೇನೆ. ಬಗ್ಗಿದರೆ ಹೊಲಿಗೆ ಹಿಡಿಯುತ್ತದೆ. ಬಿಂದಿಗೆ ಎತ್ತುವಂತಿಲ್ಲ, ಆ ವಿಷಯದಲ್ಲಿ ಅತ್ತೆ ಹೇಳಿದ್ದೇ ಸರಿ. ಅಂಗಡಿ ಬಾಗಿಲು ಹಾಕಿದೆ. ನಾರ್ಮಲ್ ಟ್ರೈ ಮಾಡಿದ್ದರೆ ಏನಾಗುತ್ತಿತ್ತೋ, ಬಹುಶಃ ಚೆನ್ನಾಗಿಯೇ ಆಗುತ್ತಿತ್ತು. ಯಾರಿಗೂ ಇದೇ ದಾರಿ ಹಿಡಿಯಿರಿ ಎಂದು ನಾನು ಹೇಳಲಾರೆ. ನಿಮಗೇನು ಬೇಕು ಎಂದು ಡಾಕ್ಟರು ನನ್ನನ್ನು ಕೇಳಿದರಲ್ಲ, ಆ ಋಣ ಮಾತ್ರ ದೊಡ್ಡದು.

ಮೊನ್ನೆ ಮಗು ನೋಡಲು ಬಂದ ಪಕ್ಕದ ಮನೆಯವರು "ಈ ಸಲ ಗಣಪ್ಪ ಬರ್ಲಿಲ್ವೇನ್ರೀ? ಆ ಕಥೆ ಹೇಳಿ, ನಮ್ ಸೊಸೆ ಕೇಳಿಲ್ಲ" ಎಂದರು. ನಾನು ಒಳಗೆ ಮಲಗಿ ಕೇಳುತ್ತಿದ್ದೆ.

"ಅದು ನಗೋ ಕಥೆ ಅಲ್ಲ ಕಣ್ರೀ" ಎಂದರು ಅತ್ತೆ. "ಕಾಫಿ ತರ್ತೀನಿ, ಕೂತ್ಕಳಿ."

ಅವತ್ತೇ ಡಾಕ್ಟರು ಸ್ನಾನಕ್ಕೆ ಒಪ್ಪಿದ ದಿನ. ಅತ್ತೆ ಹಂಡೆ ತುಂಬಾ ನೀರು ಕಾಯಿಸಿ ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿದರು. ನೀರು ಹೊಯ್ದು ಮುಗಿಸಿ, ಏಳಲು ಕೈ ಕೊಟ್ಟರು. ಹೊಲಿಗೆ ಹಿಡಿಯಿತು. ನಾನು ತುಟಿ ಕಚ್ಚಿದೆ. ಅವರು ಕೈ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ನೋವಾದ್ರೆ ಕೂಗ್ಕಳವ್ವ. ಆನೆ ಬಂದ್ರೆ ಬರ್ಲಿ."

ನಾನು ಕೂಗಿದೆ. ನಿಜ ಹೇಳಬೇಕೆಂದರೆ ಹೊಲಿಗೆ ಅಷ್ಟೇನೂ ನೋಯುತ್ತಿರಲಿಲ್ಲ.