ಗುತ್ತಿಗೆಗೆ ಹೋದ ವಿಮಾನ ಮೈದಾನ

ಅರಸೀಕೆರೆಯಿಂದ ಗಂಡಸಿಗೆ ಹೋಗುವ ದಾರಿಯಲ್ಲಿ ಯುದ್ಧಕಾಲದ ಸರ್ಕಾರಿ ವಿಮಾನ ಮೈದಾನವಿತ್ತು. ಅಪ್ಪ ಅದರ ಕಾವಲುಗಾರ. ಅಲ್ಲಿ ವಿಮಾನ ಇಳಿದದ್ದನ್ನು ನಾನಂತೂ ನೋಡಿಲ್ಲ. ಯಾರಾದರೂ ರಾಗಿ ಒಕ್ಕಲು ಬಂದರೆ ಅಪ್ಪ ಓಡಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಅದನ್ನು ಗುತ್ತಿಗೆಗೆ ಪಡೆಯಿತು. ಆದೇಶವನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ.

"ಮಾರ್‌ಬುಟ್ರಾ?" ಎಂದರು ಅಪ್ಪ.

"ಇಲ್ಲಪ್ಪ, ಜಾಗ ಸರ್ಕಾರದ್ದೇ. ಬಹಳ ವರ್ಷ ಕಂಪನಿ ಇಟ್ಕೊಳ್ಳುತ್ತೆ."

"ತೆಂಗಿನ ತೋಟ ಗುತ್ತಿಗೆ ತಗಂಡೋರು ಕಾಯಿ ಕೀಳ್ತಾರೆ. ಇಲ್ಲೇನ್ ಕೀಳ್ತಾರವ್ವಾ?"



ಮುಂದಿನ ವಾರ ಕಂಪನಿಯ ಮ್ಯಾನೇಜರು ಬಂದು, ಪಾಸ್ ಇಲ್ಲದವರನ್ನು ಒಳಗೆ ಬಿಡಬೇಡಿ ಎಂದರು. ಮರುದಿನವೇ ತಾಲ್ಲೂಕು ಕಚೇರಿಯ ಸರ್ವೆಯರ್ ಬಂದರು. ಅವರ ಬಳಿ ಪಾಸ್ ಇರಲಿಲ್ಲ.

"ನಾನೀಗ ಯಾರ್ ಕಡೇವ್ನು ಸ್ವಾಮಿ?" ಎಂದು ಅಪ್ಪ ಅವರನ್ನೇ ಕೇಳಿದರು.

ಸರ್ವೆಯರ್, "ಇರಪ್ಪ, ಕೇಳ್ಕೊಂಡು ಬರ್ತೀನಿ" ಎಂದು ಸ್ಕೂಟರ್ ತಿರುಗಿಸಿದವರು ಮತ್ತೆ ಬರಲಿಲ್ಲ. ಒಳಗೆ ನಿಂತರೆ ಕಂಪನಿಯವನಾಗಿಬಿಡುತ್ತೇನೇನೋ ಎಂಬ ಅಳುಕಿನಿಂದ ಅಪ್ಪ ಎರಡು ತಿಂಗಳು ಗೇಟಿನ ಹೊರಗೇ ನಿಂತು ಕಾವಲು ಕಾದರು. ಆಮೇಲೆ ಅವರನ್ನು ಅರಸೀಕೆರೆಯ ತಾಲ್ಲೂಕು ಕಚೇರಿಗೆ ವರ್ಗ ಮಾಡಿದರು. ಕಾರಣ ಕೇಳಿದರೆ ಅಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.